ಮೇಷ್ಟರು ಕಂಪ್ಯೂಟರ್ ಕಟ್ಟಿಸಿದ್ದು

ಸ್ವಂತಕ್ಕೊಂದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಪಾಯಕ್ಕೆ ಹಾಕುವ ಸಿಮೆಂಟಿನಲ್ಲಿ ನಾಲ್ಕು ಮೂಟೆ ಉಳಿಸಿ, ಆ ಹಣದಲ್ಲಿ ಮುಂಬಾಗಿಲಿಗೆ ಹಿತ್ತಾಳೆಯ ಹಿಡಿ ಹಾಕಿಸೋಣವೆಂಬ ಆಸೆ ಎಂಥ ವಿವೇಕಿಯ ಮನಸ್ಸಿನಲ್ಲಿಯೂ ಒಂದು ಗಳಿಗೆಯಾದರೂ ಸುಳಿದು ಹೋಗುತ್ತದೆ. ಪಾಯವನ್ನು ನೋಡುವವರು ಯಾರು? ಹಿಡಿಯನ್ನಾದರೋ ಬಂದವರೆಲ್ಲ ಮುಟ್ಟಿ ನೋಡುತ್ತಾರೆ.

ಹನುಮಂತನಗರದ ಮೇಷ್ಟರು ಈ ಆಸೆಯನ್ನು ಗೆದ್ದವರು. ಮನೆ ಕಟ್ಟಿಸುವಾಗ ಪ್ರತಿ ಸಂಜೆಯೂ ಶಾಲೆಯಿಂದ ನೇರವಾಗಿ ನಿವೇಶನಕ್ಕೆ ಹೋಗಿ, ಮೂಟೆ ಎಣಿಸಿ, ಮೇಸ್ತ್ರಿಯೊಡನೆ ಜಗಳವಾಡಿ, ಪಾಯವನ್ನು ಆಳವಾಗಿಯೇ ಹಾಕಿಸಿದ್ದರು. ಮುಂಬಾಗಿಲಿಗೆ ಇಂದಿಗೂ ಇರುವುದು ಕಬ್ಬಿಣದ ಹಿಡಿ. ಅಂಥವರು 2023ರ ಜೂನ್ ತಿಂಗಳಿನಲ್ಲಿ ಮಗಳಿಗಾಗಿ ಕಂಪ್ಯೂಟರ್ ಕಟ್ಟಿಸಲು ಹೋಗಿ ಸೋತು ಬಂದರು.

ಕಂಪ್ಯೂಟರನ್ನು ಕೊಳ್ಳುವುದು ಬೇರೆ, ಕಟ್ಟಿಸುವುದು ಬೇರೆ. ಸಿದ್ಧ ಉಡುಪಿಗೂ ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಪ್ರೊಸೆಸರ್ ಒಂದು ಕಡೆಯದು, ಮದರ್‌ಬೋರ್ಡು ಇನ್ನೊಂದು ಕಡೆಯದು, ಮೆಮೊರಿ, ಡಿಸ್ಕು, ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್, ಎಲ್ಲವನ್ನೂ ಕೂರಿಸುವ ಕ್ಯಾಬಿನೆಟ್ಟು, ಹೀಗೆ ಒಂದೊಂದನ್ನೂ ತಮ್ಮ ಅಗತ್ಯಕ್ಕೂ ಕೈಯಲ್ಲಿರುವ ಹಣಕ್ಕೂ ಒಪ್ಪುವಂತೆ ಆರಿಸಿ ಕೂಡಿಸುವುದು. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದಷ್ಟೂ ತಪ್ಪುವ ಸ್ವಾತಂತ್ರ್ಯವೂ ಹೆಚ್ಚು.

ಮಗಳು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಎರಡನೆಯ ವರ್ಷ ಮುಗಿಸಿ ಮೂರನೆಯದಕ್ಕೆ ಕಾಲಿಟ್ಟಿದ್ದಳು. ಅಲ್ಲಿಯವರೆಗೆ ಗೆಳತಿಯರ ಮನೆಗಳಲ್ಲಿ, ಕಾಲೇಜಿನ ಕೋಣೆಯಲ್ಲಿ, ಹೇಗೋ ಕೆಲಸ ಸಾಗಿಸಿದ್ದವಳು ಇನ್ನು ಆಗದು ಎಂದಾಗ ಯಾವುದೋ ಮದುವೆಯ ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ಒಂದು ಚೀಟಿ ಬರೆದುಕೊಟ್ಟಳು. ಪ್ರತಿಯೊಂದು ಸಾಮಾನಿನ ಮುಂದೆ ಬೆಲೆ. ಕೆಳಗೆ ಗೆರೆ ಎಳೆದು ಒಟ್ಟು 48,500 ರೂಪಾಯಿ.

“ನಾನೂ ಬರಲೇ ಅಪ್ಪ?” ಎಂದು ಕೇಳಿದ್ದಳು.

“ನಿನಗೆ ಕಾಲೇಜಿಲ್ಲವೇ? ಚೀಟಿ ಇದೆಯಲ್ಲ, ಸಾಕು” ಎಂದರು ಮೇಷ್ಟರು. ಅವರು ಈ ಬಾಬ್ತಿಗೆಂದು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿದ್ದುದು 65,000. ಚೀಟಿಯ ಮೊತ್ತವನ್ನು ನೋಡಿದಾಗಲೇ ಅವರಿಗೆ ಒಳಗೊಳಗೆ ಹಿಗ್ಗು. ಉಳಿಯುವ 16,500ರಲ್ಲಿ ಮಗಳು ಕೇಳದೆ ಇರುವುದೇನನ್ನಾದರೂ ತಂದು ಅವಳನ್ನು ಬೆರಗುಗೊಳಿಸಬೇಕೆಂದು ಅಲ್ಲೇ ನಿಶ್ಚಯಿಸಿಬಿಟ್ಟರು.

ಟೌನ್‌ಹಾಲಿನ ಬಳಿ ಬಸ್ಸಿಳಿದು ಎಸ್.ಪಿ. ರಸ್ತೆಗೆ ನಡೆದವರಿಗೆ ಅಲ್ಲಿನ ನೋಟವನ್ನು ಬಣ್ಣಿಸಬೇಕಾಗಿಲ್ಲ. ಸಾದರ ಪತ್ರಪ್ಪನವರ ಹೆಸರು ಹೊತ್ತ ಆ ರಸ್ತೆ ಎರಡು ಗಾಡಿಗಳು ಎದುರುಬದುರಾದರೆ ನಿಂತುಬಿಡುವಷ್ಟು ಇಕ್ಕಟ್ಟು. ತಲೆಯ ಮೇಲೆ ತಂತಿಗಳ ಚಪ್ಪರ, ಕಾಲಡಿ ರಟ್ಟಿನ ಪೆಟ್ಟಿಗೆಗಳ ಚೂರು, ನಡುವೆ ತಲೆಯ ಮೇಲೆ ಮೂಟೆ ಹೊತ್ತವರ “ಸೈಡು, ಸೈಡು” ಎಂಬ ಕೂಗು. ಮೂರಡಿ ಅಗಲದ ಮಳಿಗೆಯಲ್ಲಿಯೂ ಲಕ್ಷಗಟ್ಟಲೆಯ ಸಾಮಾನು. ಸಾವಿರ ವಿದ್ಯಾರ್ಥಿಗಳನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಮೇಷ್ಟರು ಇಲ್ಲಿ ಒಂದು ಕ್ಷಣ ತಾವೇ ಸುಮ್ಮನಾದರು.

ಅಂಗಡಿಯ ಹುಡುಗ ಚೀಟಿಯ ಮೇಲೆ ಕಣ್ಣಾಡಿಸಿ, “ಐ5 ಸಾಕಾ ಸಾರ್? ಆರ್ಕಿಟೆಕ್ಚರ್ ಅಂದ್ರೆ ಎಲ್ಲರೂ ಐ7 ತಗೊಂಡು ಹೋಗ್ತಾರೆ” ಎಂದ.

ಮೂವತ್ತನಾಲ್ಕು ವರ್ಷ ಗಣಿತ ಪಾಠ ಹೇಳಿದವರಿಗೆ ಏಳು ಐದಕ್ಕಿಂತ ದೊಡ್ಡದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕಿಂತ ಮಿಗಿಲಾಗಿ, ‘ಎಲ್ಲರೂ’ ಎಂಬ ಮಾತು ನಾಟಿತು. ತಮ್ಮ ಮಗಳ ಚೀಟಿ ಬಡವರ ಚೀಟಿಯಂತೆ ಆ ಹುಡುಗನ ಕಣ್ಣಿಗೆ ಕಂಡಿತೇ ಎಂಬ ಅಳುಕು. 16,000ದ ಜಾಗದಲ್ಲಿ 30,000ದ ಪ್ರೊಸೆಸರು ಬಂತು. ಆಮೇಲೆ ಕ್ಯಾಬಿನೆಟ್ಟು. ಚೀಟಿಯಲ್ಲಿದ್ದುದು ಮುಂಭಾಗಕ್ಕೆ ಜಾಲರಿಯಿರುವ, 3,000 ರೂಪಾಯಿಯ ಕಪ್ಪು ಡಬ್ಬಿ. ಹುಡುಗ ತೋರಿಸಿದ್ದು ಮುಂದೆಯೂ ಪಕ್ಕಕ್ಕೂ ಗಾಜು ಹೊದ್ದು, ಒಳಗೆ ಕಾಮನಬಿಲ್ಲಿನಂತೆ ಬಣ್ಣ ಬದಲಿಸುತ್ತ ತಿರುಗುವ ನಾಲ್ಕು ಫ್ಯಾನುಗಳಿದ್ದ ಪೆಟ್ಟಿಗೆ. 9,000. ಮೇಷ್ಟರ ಮುಖದ ಮೇಲೆ ಕೆಂಪು, ನೀಲಿ, ಹಸಿರು ಬೆಳಕು ಆಡಿತು. ಮಗಳು ಅದನ್ನು ನೋಡಿದಾಗ ಹೇಗೆ ಕಣ್ಣರಳಿಸುತ್ತಾಳೆಂಬುದೊಂದೇ ಅವರ ಮನಸ್ಸಿನಲ್ಲಿದ್ದುದು.

ಲೆಕ್ಕ ಹಾಕಿದಾಗ ಮೊತ್ತ 68,500ಕ್ಕೆ ಏರಿತ್ತು; 3,500 ಹೆಚ್ಚು. ಮೇಷ್ಟರ ಬೆರಳು ಚೀಟಿಯ ಮೇಲಿನಿಂದ ಕೆಳಕ್ಕೆ ಇಳಿದು ಎಸ್‌ಎಂಪಿಎಸ್ ಎಂಬಲ್ಲಿ ನಿಂತಿತು. 550 ವ್ಯಾಟ್, ಇಂಥದೇ ಆಗಬೇಕೆಂದು ಮಗಳು ಹೆಸರು ಬರೆದು ಅಡಿಗೆರೆ ಹಾಕಿದ್ದಳು. ಬೆಲೆ 4,500.

“ಇದೇನಪ್ಪ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಡಬ್ಬಿಗೆ ಇಷ್ಟೊಂದೇ?”

“ಲೋಕಲ್ ಇದೆ ಸಾರ್, ಒಂಬೈನೂರಕ್ಕೆ. ಇದೂ ಐನೂರು ವ್ಯಾಟೇ. ನೋಡಿ, ಬರೆದಿದೆಯಲ್ಲ.”

ಬರೆದಿದ್ದುದು ನಿಜ. 3,600 ಉಳಿಯಿತು, ಒಟ್ಟು 64,900ಕ್ಕೆ ಬಂದು ನಿಂತಿತು. ಉಳಿದ 100 ರೂಪಾಯಿಯಲ್ಲಿ ಮೇಷ್ಟರು ಕಾಫಿ ಕುಡಿದು, ಇಷ್ಟು ಅಚ್ಚುಕಟ್ಟಾದ ಲೆಕ್ಕ ತಮ್ಮ ಸರ್ವಿಸಿನಲ್ಲಿಯೇ ಬಂದಿರಲಿಲ್ಲವೆಂಬ ತೃಪ್ತಿಯಿಂದ ಮನೆಗೆ ಬಂದರು.

ರಾಜಿಯಿಲ್ಲದೆ ಯಾರೂ ಕಂಪ್ಯೂಟರ್ ಕಟ್ಟಿಸಲಾರರು. ಕೈಯಲ್ಲಿರುವ ಹಣವೇ ಅರ್ಧ ರಾಜಿಯನ್ನು ಮಾಡಿಸಿಬಿಡುತ್ತದೆ; ಮಾರುಕಟ್ಟೆಯೂ ಮಾಡಿಸುವುದುಂಟು. 2020ರಿಂದ 2022ರವರೆಗೆ ಗ್ರಾಫಿಕ್ಸ್ ಕಾರ್ಡಿನ ಬರ ಬಂದದ್ದನ್ನು ಅನೇಕ ಮನೆಗಳ ಹುಡುಗರು ಮರೆತಿರಲಾರರು. ಒಂದು ಕಡೆ ಮಹಾಮಾರಿಯಿಂದ ಚಿಪ್ಪುಗಳ ಕೊರತೆ, ಇನ್ನೊಂದು ಕಡೆ ಆ ಕಾರ್ಡುಗಳನ್ನು ಸಾಲುಸಾಲಾಗಿ ಜೋಡಿಸಿ ಕ್ರಿಪ್ಟೋ ನಾಣ್ಯ ತೆಗೆಯುವವರ ಹಾವಳಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದವರು ತಮ್ಮ ಕ್ರಮವನ್ನೇ ಬದಲಿಸಿ ಕಾರ್ಡುಗಳ ಅಗತ್ಯವಿಲ್ಲದಂತೆ ಮಾಡಿದ ಮೇಲೆ ಆ ಹಳೆಯ ಕಾರ್ಡುಗಳೆಲ್ಲ ಸಂತೆಗೆ ಬಂದವು. ಬರದ ಕಾಲದಲ್ಲಿ ಕಾರ್ಡಿಲ್ಲದೆ ಯಂತ್ರ ಕಟ್ಟಿಸಿದವನನ್ನು ಯಾರೂ ಅವಿವೇಕಿ ಎನ್ನಲಾರರು. ಇಂಥ ರಾಜಿಯಲ್ಲಿ ಮರ್ಯಾದೆಯುಂಟು. ಆಮೇಲೆ ಸೇರಿಸಬಹುದಾದ್ದನ್ನು ಸದ್ಯಕ್ಕೆ ಕಡಿಮೆ ಮಾಡುವುದಂತೂ ರಾಜಿಯೇ ಅಲ್ಲ, ಕಂತು. ಮೆಮೊರಿಯ ಒಂದು ಪಟ್ಟಿಯಿಂದ ಆರಂಭಿಸಿ ಇನ್ನೊಂದನ್ನು ಮುಂದೆ ಹಾಕಿಕೊಳ್ಳಬಹುದು. ಒಂದೇ ಪಟ್ಟಿಯಿದ್ದಾಗ ಎರಡು ದಾರಿಯಲ್ಲಿ ಸಾಗಬೇಕಾದ ಸಂಚಾರ ಒಂದೇ ದಾರಿಯಲ್ಲಿ ನೂಕುನುಗ್ಗಲಾಗುತ್ತದೆಯೆನ್ನುವುದು ನಿಜ, ಆದರೂ ಅದು ಕೆಲವು ತಿಂಗಳ ಕಷ್ಟ. ಡಿಸ್ಕನ್ನು ಹೆಚ್ಚಿಸಬಹುದು. ಮದರ್‌ಬೋರ್ಡನ್ನು ವಿವೇಕದಿಂದ ಆರಿಸಿದ್ದರೆ ಪ್ರೊಸೆಸರನ್ನೂ ಬದಲಿಸಬಹುದು. ಎಎಂಡಿ ಕಂಪನಿಯ ಎಎಂ4 ಜಾತಿಯ ಬೋರ್ಡನ್ನು 2017ರಲ್ಲಿ ಕೊಂಡವರಲ್ಲಿ ಎಷ್ಟೋ ಮಂದಿ 2022ರಲ್ಲಿ ಬಂದ ಪ್ರೊಸೆಸರನ್ನು ಅದೇ ಬೋರ್ಡಿಗೆ ಕೂರಿಸಿಕೊಂಡರು.

ಆದರೆ ಕೆಲವು ರಾಜಿಗಳನ್ನು ಹಣವೂ ಕೇಳುವುದಿಲ್ಲ, ಮಾರುಕಟ್ಟೆಯೂ ಕೇಳುವುದಿಲ್ಲ; ಮನುಷ್ಯ ತಾನಾಗಿಯೇ ಹೋಗಿ ಒಪ್ಪಿಸಿ ಬರುತ್ತಾನೆ. ಅಂಥವುಗಳಲ್ಲಿ ಎಸ್‌ಎಂಪಿಎಸ್ಸಿಗೆ ಮೊದಲ ಸ್ಥಾನ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಒಳಗಿನ ನಾಜೂಕಿನ ಅಂಗಗಳು ತಾಳಬಲ್ಲ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ, ಏರಿಳಿತವಿಲ್ಲದೆ ಬಡಿಸುವುದು ಅದರ ಕೆಲಸ. ‘80 ಪ್ಲಸ್’ ಎಂಬ ಮುದ್ರೆ 2004ರಿಂದ ರೂಢಿಗೆ ಬಂದಿದೆ. ಗೋಡೆಯಿಂದ ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲನ್ನಾದರೂ ಯಂತ್ರಕ್ಕೆ ಮುಟ್ಟಿಸುತ್ತದೆ, ಪೋಲಾಗಿ ಶಾಖವಾಗುವುದು ಉಳಿದಷ್ಟೇ ಎಂದು ಅದರ ಅರ್ಥ. ಮುದ್ರೆಯೊಂದೇ ಸರ್ವಸ್ವವಲ್ಲ; ಆದರೆ ಮುದ್ರೆಯೂ ಇಲ್ಲದ, ಹೆಸರೂ ಇಲ್ಲದ ಡಬ್ಬಿಯ ಮೇಲೆ ಐನೂರು ವ್ಯಾಟೆಂದು ಬರೆಯುವುದಕ್ಕೆ ತಗಲುವುದು ಶಾಯಿಯ ಖರ್ಚು ಮಾತ್ರ. ಒಳ್ಳೆಯ ಎಸ್‌ಎಂಪಿಎಸ್ಸು ಅಪಾಯ ಕಂಡೊಡನೆ ತಾನು ನಿಂತು ಉಳಿದವರನ್ನು ಕಾಯುತ್ತದೆ. ಕೆಟ್ಟದ್ದು ಸಾಯುವಾಗ ಒಂಟಿಯಾಗಿ ಹೋಗುವುದಿಲ್ಲ.

ಎರಡನೆಯ ಸ್ಥಾನ ಮಾನಿಟರಿಗೆ. ಯಂತ್ರದಲ್ಲಿ ಮನುಷ್ಯನ ಕಣ್ಣಿಗೆ ದಿನವೆಲ್ಲ ಎದುರಾಗುವ ಭಾಗ ಅದೊಂದೇ. ಪ್ರೊಸೆಸರಿನ ಅಂಕಿಯ ವಿಷಯದಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡುವವರು ‘ಮಾನಿಟರು ಹಳೆಯದೇ ಇದೆಯಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮೇಷ್ಟರ ಮಗಳ ಚೀಟಿಯಲ್ಲಿಯೂ ಕಡೆಯ ಸಾಲು ಅದೇ ಆಗಿತ್ತು: ಮಾನಿಟರ್, ಹಳೆಯದೇ ಸಾಕು. ಅದು 2010ರಲ್ಲಿ ಕೊಂಡದ್ದು. ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಓರೆಯಾಗಿ ನೋಡಿದರೆ ಬಿಳಿಯ ಗೋಡೆ ಹಳದಿಯಾಗುತ್ತಿತ್ತು.

ಹೊಸ ಪೆಟ್ಟಿಗೆ ಮನೆಗೆ ಬಂದ ಸಂಜೆ ಮೇಷ್ಟರು ಕೋಣೆಯ ದೀಪ ಆರಿಸಿ ಗುಂಡಿ ಒತ್ತಿದರು. ಬಣ್ಣಗಳು ಗೋಡೆಯ ಮೇಲೆಲ್ಲ ಹರಿದಾಡಿದವು.

“ಗಣಪತಿ ಪೆಂಡಾಲಿನ ಹಾಗಿದೆಯಲ್ಲರೀ” ಎಂದರು ಅವರ ಪತ್ನಿ, ಮೆಚ್ಚುಗೆಯಿಂದಲೇ.

ಮಗಳು ನಕ್ಕಳು. “ತುಂಬ ಚೆನ್ನಾಗಿದೆ ಅಪ್ಪ” ಎಂದಳು. ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ಎಸ್‌ಎಂಪಿಎಸ್ಸಿನ ಮೇಲಿನ ಅಕ್ಷರಗಳನ್ನು ಓದಿದಳು. ಏಳುವಾಗ ಮುಖದಲ್ಲಿ ನಗು ಹಾಗೆಯೇ ಇತ್ತು. ಅವಳು ಮಾತೆತ್ತಲಿಲ್ಲ. ಮರುದಿನವೇ ಹೋಗಿ ಬದಲಿಸಬಹುದಾಗಿತ್ತು, 3,600 ರೂಪಾಯಿಯ ಮಾತು; ಆದರೆ ಕತ್ತಲಲ್ಲಿ ಕೆಂಪು ನೀಲಿ ಬೆಳಕಿಗೆ ಮುಖವೊಡ್ಡಿ ನಿಂತ ತಂದೆಗೆ ಅದನ್ನು ಹೇಳುವುದು ಹೇಗೆ?

ಎರಡು ತಿಂಗಳು ಯಂತ್ರ ನಡೆಯಿತು. ಐ7 ದೊಡ್ಡದೆಂಬುದು ಸುಳ್ಳಲ್ಲ. ಕಟ್ಟಡದ ಚಿತ್ರವನ್ನು ನೆಳಲು ಬೆಳಕುಗಳೊಡನೆ ಕೊನೆಯ ರೂಪಕ್ಕೆ ತರುವ ರೆಂಡರಿಂಗ್ ಕೆಲಸದಲ್ಲಿ ಅದು ಬೇಗ ಮುಗಿಸುತ್ತದೆ. ಆದರೆ ದಿನದ ಹತ್ತು ಗಂಟೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುವಾಗ ಐದಕ್ಕೂ ಏಳಕ್ಕೂ ಇರುವ ಅಂತರ ಕೈಗೆ ತಿಳಿಯುವುದಿಲ್ಲ. ದೊಡ್ಡದಕ್ಕೆ ಹಸಿವೂ ದೊಡ್ಡದು: ಚೀಟಿಯಲ್ಲಿದ್ದ ಐ5 ಭರದಿಂದ ದುಡಿಯುವಾಗ 117 ವ್ಯಾಟಿನವರೆಗೆ ಎಳೆದುಕೊಂಡರೆ, ಈ ಐ7 ಎಳೆದುಕೊಳ್ಳುವುದು 180ರವರೆಗೆ. ಅಷ್ಟು ಶಾಖ ಹೊರಗೆ ಹೋಗಲು ಮುಂಭಾಗದ ಗಾಜು ಬಿಡದು. ಯಂತ್ರ ಬಿಸಿಯೇರಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತಿತ್ತು. ಮಗಳು ಪಕ್ಕದ ಗಾಜನ್ನು ಕಳಚಿ ಮಂಚದ ಕೆಳಗಿಟ್ಟು, ತಂದೆ ಕೋಣೆಗೆ ಬರುವ ಸುಳಿವು ಸಿಕ್ಕಾಗ ಮತ್ತೆ ಹಚ್ಚುತ್ತಿದ್ದಳು. ಹಳೆಯ ಮಾನಿಟರಿನ ಎದುರು ಕೂತು ಕೂತು ಕಣ್ಣು ಕೆಂಪಾಗುತ್ತಿತ್ತು. ತಾಯಿ ಹರಳೆಣ್ಣೆ ಹಚ್ಚಿದರು.

ಆಗಸ್ಟಿನಲ್ಲಿ ಕಾಲೇಜಿನ ಜ್ಯೂರಿ ಬಂತು. ವಿದ್ಯಾರ್ಥಿಗಳು ತಮ್ಮ ನಕ್ಷೆಗಳನ್ನು ಗೋಡೆಗೆ ಹಚ್ಚಿ, ಹೊರಗಿನಿಂದ ಬಂದ ಹಿರಿಯರ ಮುಂದೆ ನಿಂತು ಸಮರ್ಥಿಸಬೇಕಾದ ದಿನ ಅದು. ಹಿಂದಿನ ರಾತ್ರಿ ಹತ್ತೂವರೆಗೆ ಕೊನೆಯ ಆರು ಚಿತ್ರಗಳು ರೆಂಡರ್ ಆಗುತ್ತಿದ್ದವು. ನಾಲ್ಕನೆಯದರ ನಡುವೆ ‘ಟಪ್’ ಎಂಬ ಸದ್ದು. ಬಣ್ಣದ ದೀಪಗಳೆಲ್ಲ ಒಟ್ಟಿಗೆ ಆರಿದವು. ಸುಟ್ಟ ವಾಸನೆ ನಡುಮನೆಯವರೆಗೆ ಬಂತು.

ಮೇಷ್ಟರು ಓಡಿ ಬಂದಾಗ ಮಗಳು ಅಳುತ್ತಿರಲಿಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸಣ್ಣ ಸ್ಕ್ರೂಡ್ರೈವರಿನಿಂದ ಮದರ್‌ಬೋರ್ಡಿನ ಮೇಲಿದ್ದ ಡಿಸ್ಕನ್ನು ಬಿಡಿಸುತ್ತಿದ್ದಳು. ಈಗಿನ ಡಿಸ್ಕು ಬೆರಳಿನಷ್ಟು ಉದ್ದದ ತೆಳ್ಳನೆಯ ಹಲಗೆ. ಮೂರು ತಿಂಗಳ ಕೆಲಸ ಅದರಲ್ಲಿತ್ತು. ಗೆಳತಿಯೊಬ್ಬಳ ಯಂತ್ರದಲ್ಲಿ ಅದನ್ನು ಕೂರಿಸಲು ಒಂದು ಖಾಲಿ ಜಾಗವಿತ್ತು. ಆ ಗೆಳತಿಯ ಮನೆ ವಿಜಯನಗರದಲ್ಲಿ.

ರಾತ್ರಿ ಹನ್ನೊಂದರ ಆಟೋದಲ್ಲಿ ಮೇಷ್ಟರು ಆ ಹಲಗೆಯನ್ನು ಕರವಸ್ತ್ರದಲ್ಲಿ ಸುತ್ತಿ, ಎರಡು ಅಂಗೈಗಳ ನಡುವೆ ದೇವರ ಪ್ರಸಾದದಂತೆ ಹಿಡಿದುಕೊಂಡು ಕೂತಿದ್ದರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಆ ಒಂಬೈನೂರರ ಡಬ್ಬಿಯಿಂದ ಆದದ್ದೇ?” ಎಂದರು ಕಡೆಗೆ.

“ಹೂಂ ಅಪ್ಪ.”

“ನಿನಗೆ ಅವತ್ತೇ ಗೊತ್ತಿತ್ತೇ?”

ಮಗಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟರೇ, “ನಾನು 65,000 ಇಟ್ಟಿದ್ದೆ. ನೀನು 48,500 ಬರೆದೆ. ಉಳಿದದ್ದನ್ನು ಏನು ಮಾಡಲಿ ಅಂತ ಹೀಗೆ ಮಾಡಿದೆ” ಎಂದರು.

“65,000ವೇ?” ಮಗಳು ತಿರುಗಿ ನೋಡಿದಳು. “ಅಮ್ಮನ ಮಂಡಿಯ ಆಪರೇಷನ್ನಿಗೆ ಹಣ ಹೊಂದಿಸಬೇಕು ಅಂತ ನೀವು ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದಿರಲ್ಲ, ಏಪ್ರಿಲ್‌ನಲ್ಲಿ? ಅದನ್ನು ಕೇಳಿ ಚೀಟಿಯಿಂದ ಎರಡು ಸಾಮಾನು ತೆಗೆದುಬಿಟ್ಟೆ.”

“ಅದಕ್ಕೆ ಅಂಚೆ ಕಚೇರಿಯಲ್ಲಿ ಬೇರೆ ಇದೆಯಲ್ಲಮ್ಮ. ಚಿಕ್ಕಪ್ಪನಿಗೆ ಹೇಳಿದ್ದು ಅದು ಯಾವಾಗ ಕೈಗೆ ಬರುತ್ತೆ ಅನ್ನೋದನ್ನ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?”

“ನೀವೂ ಕೇಳಲಿಲ್ಲವಲ್ಲ ಅಪ್ಪ.”

ಆಟೋ ಸಿಗ್ನಲಿನಲ್ಲಿ ನಿಂತಿತು. ಮೇಷ್ಟರು ತೆಗೆದುಹಾಕಿದ ಆ ಎರಡು ಸಾಮಾನು ಯಾವುವೆಂದು ಕೇಳಿದರು. ಮೆಮೊರಿಯ ಎರಡನೆಯ ಪಟ್ಟಿ, 2,000. ಒಂದು ಒಳ್ಳೆಯ ಮಾನಿಟರು, ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳದು, 12,000. ಅಭ್ಯಾಸಬಲದಿಂದ ಮೇಷ್ಟರ ಮನಸ್ಸು ಗುಣಾಕಾರಕ್ಕೆ ತೊಡಗಿತು. ಹಳೆಯದರಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. ಹೊಸದರಲ್ಲಿ 20 ಲಕ್ಷದ 73 ಸಾವಿರದ ಆರುನೂರು. ಹೆಚ್ಚುಕಡಿಮೆ ಎರಡರಷ್ಟು. ಆಮೇಲೆ ಸಂಕಲನ: 48,500ಕ್ಕೆ 14,000 ಕೂಡಿಸಿದರೆ 62,500. ಮಗಳಿಗೆ ಬೇಕಾಗಿದ್ದುದೆಲ್ಲ ಬಂದು, ಒಳ್ಳೆಯ ಎಸ್‌ಎಂಪಿಎಸ್ಸೂ ಸೇರಿ, ಕೈಯಲ್ಲಿ 2,500 ಉಳಿಯುತ್ತಿತ್ತು. ಮೇಷ್ಟರು ಆ ಲೆಕ್ಕವನ್ನು ಎರಡು ಸಲ ತಾಳೆ ನೋಡಿದರು. ಉತ್ತರ ಬದಲಾಗಲಿಲ್ಲ.

ಡಿಸ್ಕು ಉಳಿದಿತ್ತು. ಗೆಳತಿಯ ಮನೆಯಲ್ಲಿ ನಾಲ್ಕು ಚಿತ್ರಗಳೊಡನೆ ಕೆಲಸ ಮುಗಿಯುವಾಗ ಬೆಳಗಿನ ಐದೂವರೆ. ಉಳಿದ ಎರಡು ಆಗಲೇ ಇಲ್ಲ. ಅವುಗಳ ಜಾಗದಲ್ಲಿ ಅವಳು ಪೆನ್ಸಿಲಿನಿಂದ ಕೈಚಿತ್ರ ಬರೆದು ಹಚ್ಚಿದಳು. ಜ್ಯೂರಿಯಲ್ಲಿ ಅವಳಿಗೆ ಬಂದದ್ದು ಮಧ್ಯಮ ದರ್ಜೆ.

ಎಸ್‌ಎಂಪಿಎಸ್ಸು ತನ್ನ ಜೊತೆಗೆ ಮದರ್‌ಬೋರ್ಡನ್ನೂ ಕರೆದೊಯ್ದಿತ್ತು. ಸುಟ್ಟ ಗುರುತಿರುವುದರಿಂದ ವಾರಂಟಿ ಸಲ್ಲದೆಂದರು. ಪ್ರೊಸೆಸರೂ ಮೆಮೊರಿಯೂ ಬದುಕಿಕೊಂಡವು. ಮತ್ತೆ ಬೋರ್ಡಿಗೆ 12,000, ಮಗಳು ಮೊದಲು ಅಡಿಗೆರೆ ಹಾಕಿದ್ದ ಅದೇ ಎಸ್‌ಎಂಪಿಎಸ್ಸಿಗೆ 4,500. ಹಾಗಾಗಿ ಮಾನಿಟರು ಮುಂದಿನ ಯುಗಾದಿಯವರೆಗೆ ಮುಂದೆ ಹೋಯಿತು. ಹರಳೆಣ್ಣೆಯ ಉಪಚಾರವೂ ಅಲ್ಲಿಯವರೆಗೆ ಸಾಗಿತು. ಈ ಸಲ ಎಸ್.ಪಿ. ರಸ್ತೆಗೆ ತಂದೆ ಮಗಳು ಇಬ್ಬರೂ ಹೋದರು. ಅಂಗಡಿಯ ಹುಡುಗನೊಡನೆ ಮಗಳು ಮಾತಾಡುತ್ತಿದ್ದಷ್ಟು ಹೊತ್ತೂ ಮೇಷ್ಟರು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದರು. ಹುಡುಗ ಹೊಸ ದೀಪಗಳ ಪೆಟ್ಟಿಗೆಯೊಂದನ್ನು ತೋರಿಸಿದಾಗ ಅವರ ಕಣ್ಣು ಅತ್ತ ಹೋಗಲಿಲ್ಲವೆಂದು ಹೇಳಲಾಗದು.

ಯಂತ್ರಕ್ಕೆ ಹೊಸ ಮನೆಯೂ ಬೇಕಾಗಿತ್ತು. ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಬಿಸಾಡಲಿದ್ದ ಹಳೆಯ ಕ್ಯಾಬಿನೆಟ್ಟನ್ನು ಮಗಳು ಪುಕ್ಕಟೆಯಾಗಿ ತಂದಳು. ಮೂಲೆ ನಜ್ಜಾಗಿತ್ತು, ಮುಂದೆ ಜಾಲರಿಯಿತ್ತು, ಗಾಳಿ ಧಾರಾಳವಾಗಿ ಆಡುತ್ತಿತ್ತು. ಬೇರೆ ಸಮಯದಲ್ಲಾಗಿದ್ದರೆ ಯಾರೋ ಬಳಸಿದ್ದನ್ನು ಮನೆಗೆ ತರುವುದೇ ಎಂದು ಮೇಷ್ಟರು ಮೂಗು ಮುರಿಯುತ್ತಿದ್ದರು. ಈಗ ತಾವೇ ಒದ್ದೆ ಬಟ್ಟೆಯಿಂದ ಅದರ ಹೊರಮೈ ಒರೆಸಿಕೊಟ್ಟರು.

ಗಾಜಿನ ಪೆಟ್ಟಿಗೆ ಎರಡು ತಿಂಗಳು ಅಟ್ಟದ ಮೇಲಿತ್ತು. ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಮೇಷ್ಟರ ಪತ್ನಿ ಅದನ್ನು ಕೆಳಗಿಳಿಸಿ, ಒಳಗಿನ ತಗಡುಗಳನ್ನು ಮಗಳಿಂದ ಕಳಚಿಸಿ, ಕೆಂಪು ರವಿಕೆ ಕಣ ಹಾಸಿ, ನಡುವೆ ಪಟ್ಟದ ಗೊಂಬೆಗಳನ್ನು ಕೂರಿಸಿದರು. ಮಗಳು ಒಂದು ಸಣ್ಣ ಅಡಾಪ್ಟರ್ ಹಚ್ಚಿ ದೀಪಗಳು ಮಾತ್ರ ಉರಿಯುವಂತೆ ಮಾಡಿಕೊಟ್ಟಳು. ರಾಜ ರಾಣಿಯರ ಮುಖದ ಮೇಲೆ ಕೆಂಪು, ನೀಲಿ, ಹಸಿರು ಬೆಳಕು ಆಡಿತು. ಆ ವರ್ಷ ಬೀದಿಯ ಹೆಂಗಸರು ಮಕ್ಕಳೆಲ್ಲ ಆ ಮನೆಯ ಗೊಂಬೆಯ ಮುಂದೆ ಹೆಚ್ಚು ಹೊತ್ತು ನಿಂತರು.

“ಮಂಟಪ ಎಷ್ಟು ಚೆನ್ನಾಗಿದೆ! ಎಲ್ಲಿ ತಂದಿರಿ ಮೇಷ್ಟರೇ?” ಎಂದು ಪಕ್ಕದ ಮನೆಯಾಕೆ ಕೇಳಿದರು.

“ಎಸ್.ಪಿ. ರಸ್ತೆಯಲ್ಲಿ” ಎಂದರು ಮೇಷ್ಟರು.

“ಎಷ್ಟಾಯಿತು?”

ಮೇಷ್ಟರು ಬಾಯಿ ತೆರೆಯುವಷ್ಟರಲ್ಲಿ ಅವರ ಪತ್ನಿ, “ತಗೊಳ್ಳಿ, ಮೊದಲು ಕಡಲೆ ಉಸಲಿ ತಗೊಳ್ಳಿ” ಎಂದು ದೊನ್ನೆಯನ್ನು ಮುಂದೆ ಹಿಡಿದರು.